ಕಾಚಿನ ಬಣ್ಣದ ಸೀಟು

ನನ್ನ ಗಂಡ ತೀರಿಕೊಂಡ ಮೇಲೆ ಹಿರೇಕೆರೂರಿನ ಆ ಮನೆಯಲ್ಲಿ ನನ್ನ ಕೂಡ ಮಾತಾಡುವವರೇ ಕಡಿಮೆಯಾದರು. ಯಾರೂ ಬೈಯುತ್ತಿರಲಿಲ್ಲ. "ಊಟ ಆತೇನ?" ಅಂತ ಅತ್ತಿ ಕೇಳುತ್ತಿದ್ದರು, "ಆತ್ರಿ" ಅನ್ನುತ್ತಿದ್ದೆ, ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು. ಹಾನಗಲ್ಲಿನ ತವರಲ್ಲಿ ಅವ್ವ ಇರಲಿಲ್ಲ. ಇಲ್ಲಿ ಹೋಗಿ ಬಾ ಅನ್ನುವವರೂ ಇರಲಿಲ್ಲ, ಅಲ್ಲಿ ಬಾ ಅನ್ನುವವರೂ ಇರಲಿಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ನನ್ನ ಗಂಡನ ಮೋಟಾರು ದನದ ಕೊಟ್ಟಿಗೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೋಗಿ ಅದರೊಳಗೆ ಕೂಡುತ್ತಿದ್ದೆ. ಅವರು ಕೂತು ಕೂತು ಮುಂದಿನ ಸೀಟಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅದರ ಬದಿಗೆ ಕೂತರೆ ಮೈ ತಾನಾಗಿಯೇ ಆ ಕಡೆ ವಾಲುತ್ತಿತ್ತು.

ಮೈದುನನಿಗೆ ಶಿಗ್ಗಾವಿಯ ಹೆಣ್ಣು ಗೊತ್ತಾಯಿತು. ಮದುಮಗಳನ್ನು ಮೋಟಾರಿನಲ್ಲೇ ಕರೆತರಬೇಕೆಂಬ ಹಟ ಅವನದು. ಹೆಂಗೋ ಪೆಟ್ರೋಲು ಹೊಂದಿಸಿದ. ಆದರೆ ಸೀಟಿನ ತೊಗಲು ಬಿರಿದು ಹೋಗಿತ್ತು, ಬಣ್ಣ ಹಾರಿತ್ತು, ಇಲಿ ಕಡಿದಲ್ಲಿ ನಾರು ಹೊರಗೆ ಬಂದಿತ್ತು. ಸವಣೂರಿನಿಂದ ಕುದುರೆಯ ಜೀನು ಹೊಲಿಯುವ ಒಬ್ಬ ಮುದುಕರನ್ನು ಕರೆಸಿದರು. ಅವರಿಗೆ ತಮ್ಮೂರಲ್ಲೂ ಕೆಲಸವಿತ್ತು, ಬಹಳ ದಿನ ನಿಲ್ಲುವಂತಿರಲಿಲ್ಲ. "ನನಗ ತೋರಸ್ರಿ ಅಜ್ಜಾರ, ಉಳಿದಿದ್ದು ನಾ ಮಾಡತೇನಿ" ಅಂದೆ. ನನ್ನ ದನಿ ಕೇಳಿ ನನಗೇ ಹೊಸದೆನಿಸಿತು.

ಅತ್ತಿ ಬಾಗಿಲಲ್ಲಿ ನಿಂತಿದ್ದರು. "ತೊಗಲ ಮುಟ್ಟಿದ ಕೈಲೆ ಲಿಂಗಪೂಜಿ ಮಾಡತೀಯೇನ?"

"ಮೋಟಾರದಾಗ ಕುಂತು ಜಾತ್ರಿಗೆ ಹೋಗೂಮುಂದ ಎಲ್ಲಾರೂ ಅದನ್ನ ಮುಟ್ಟೇವಲ್ರಿ, ಅತ್ತಿ."

ಅತ್ತಿ ಹೊರಸು ತರಿಸಿ ಶೆಡ್ಡಿನ ಬಾಗಿಲಿಗೆ ಹಾಕಿಸಿಕೊಂಡು ಕಾವಲು ಕೂತರು.

ಮುದುಕರು ಸಮಾಧಾನದಿಂದ ಕಲಿಸಿದರು. ಅಂಟವಾಳದ ನೊರೆಯಿಂದ ತೊಗಲು ತೊಳೆದು ನೆರಳಲ್ಲಿ ಆರಿಸುವುದು. ಔಡಲೆಣ್ಣೆ ಕುಡಿಸಿ ಮೆತ್ತಗೆ ಮಾಡುವುದು. ಬಿರುಕಿನ ಕೆಳಗೆ ತೆಳ್ಳನೆಯ ತುಣುಕು ಸೇರಿಸಿ ಅಂಟಿಸುವುದು. ಅಂಗಡಿಯಲ್ಲಿ ಬಣ್ಣದ ಪುಡಿ ಬರುವುದು ನಿಂತಿದ್ದರಿಂದ ವೀಳ್ಯದೆಲೆಗೆ ಹಚ್ಚುವ ಕಾಚನ್ನೇ, ಬಣ್ಣ ಹಿಡಿಯಲೆಂದು ಪಟಕ ಹಾಕಿ ಕುದಿಸಿದೆವು. ಶೆಡ್ಡೆಲ್ಲ ಒಗರು ವಾಸನೆ. "ಸಾವಕಾಶ ಅವ್ವಾರ, ಒಂದ ಕೈ ಆರಿದ ಮ್ಯಾಲೆ ಇನ್ನೊಂದು" ಅನ್ನುತ್ತಿದ್ದರು. ಗಂಡ ಹೋದಂದಿನಿಂದ ನನ್ನ ಕೂಡ ಯಾರಾದರೂ ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಂದಿನ ಸೀಟು ಬಿಚ್ಚಿದಾಗ ಮುದುಕರು ಕೇಳಿದರು: "ಈ ತಗ್ಗು ತುಂಬಸೂದೇನ್ರಿ?"

ನಾನು ಆ ತಗ್ಗಿನ ಅಂಚನ್ನು ಬೆರಳಿನಿಂದ ಸವರಿದೆ. ಅವರು ಮತ್ತೆ ಕೇಳದೆ ನಾರಿನ ಬುಟ್ಟಿಯನ್ನು ನನ್ನ ಕಡೆ ಸರಿಸಿ, ಎದ್ದು ಹೋಗಿ ಬಾಗಿಲಲ್ಲಿ ಅತ್ತಿಯ ಕೂಡ ಮಳೆಯ ಮಾತು ತೆಗೆದರು. ನಾನೇ ನಾರು ಹಿಂಜಿ ಹಿಂಜಿ ತುಂಬಿದೆ. ಅಂಗೈಯಿಂದ ಒತ್ತಿ ನೋಡಿದೆ. ಎಲ್ಲ ಕಡೆ ಸಮ ಇತ್ತು. ಆಮೇಲೆ ಆ ಸೀಟಿನಲ್ಲಿ ನಾನು ಕೂಡಲಿಲ್ಲ.

ತಮ್ಮೂರಿಗೆ ಹೊರಡುವಾಗ ಮುದುಕರು ಹೇಳಿದ್ದರು: "ಕಡೀಕ ಜೇನಮೇಣ ತಿಕ್ಕರಿ. ಇಲ್ಲಂದ್ರ ಹಸಿ ಹತ್ತಿದ ಕೂಡ್ಲೆ ಬಣ್ಣ ಬಿಡತೈತಿ." ಇದ್ದ ಮೇಣ ಮುಂದಿನ ಸೀಟಿಗೇ ತೀರಿತು. ಸಂತೆಯಲ್ಲಿ ಸಿಗಲಿಲ್ಲ, ಮದುವೆ ಬಂದೇಬಿಟ್ಟಿತು. ಹಿಂದಿನ ಸೀಟಿಗೆ ಜಮಖಾನ ಹಾಸ್ರಿ ಅಂತ ಮೈದುನನಿಗೆ ಹೇಳಿದೆ. "ಇಷ್ಟ ಛಂದ ಮಾಡೀರಿ, ಮುಚ್ಚತಾರೇನ್ರಿ ವೈನಿ?" ಅಂತ ನಕ್ಕ. ಆ ಹೊಗಳಿಕೆಗೆ ಸೋತು, ಬಣ್ಣ ಬಿಡುವ ಮಾತು ಹೇಳದೆ ಒಳಗೆ ಹೋದೆ.

ಮದುವೆಗೆ ನನ್ನನ್ನು ಕರೆದೊಯ್ಯಲಿಲ್ಲ, ಒಯ್ಯುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ. ಮರುದಿನ ಮಧ್ಯಾಹ್ನ ಮೋಟಾರು ಬಂದು ನಿಂತಾಗ ಉಗ್ರಾಣದ ಕಿಟಕಿಯಿಂದ ನೋಡಿದೆ. ಮುತ್ತೈದೆಯರು ಆರತಿ ಹಿಡಿದಿದ್ದರು. ಮದುಮಗಳು ಇಳಿದಳು. ಸೀರೆಯ ಹೆಗಲಿನ ಮೇಲೂ ಎಡಗೆನ್ನೆಯ ಮೇಲೂ ಕೆಂಪು ಕಂದು ಕಲೆ. ಯಾರೋ ಚಿಟ್ಟನೆ ಚೀರಿದರು. "ಆಕಿ ಕೈ ಹಚ್ಚಿದ್ದಲ್ಲೇನ, ಮತ್ತೇನಾಕ್ಕೈತಿ" ಎಂದ ಅತ್ತಿಯ ದನಿ ಕೇಳಿಸಿತು. ನಾನು ಕಿಟಕಿ ಬಿಟ್ಟು ಜೋಳದ ಚೀಲಗಳ ನಡುವೆ ಕೂತೆ.

ಸಂಜೆಯ ಹೊತ್ತಿಗೆ ಆ ಹುಡುಗಿಯೇ ಹುಡುಕಿಕೊಂಡು ಬಂದಳು. ಕೈಯಲ್ಲಿ ಮಡಚಿದ ಸೀರೆ. "ಅಕ್ಕಾರ, ಇದು ಹೋಗತೈತೇನ್ರಿ?"

"ಕಾಚು ತಂಗಿ. ಸೀರಿಗೆ ಹತ್ತಿದ್ದು ಹೋಗೂದಿಲ್ಲ."

"ಹೋಗದಿದ್ರ ಬಿಡ್ರಿ. ತಪ್ಪು ನನ್ನದ. ಶಿಗ್ಗಾವಿ ದಾಟಿದಾಗಿಂದ ಅಳಾಕತ್ತಿದ್ದೆ. ಯಾರಿಗೂ ಕಾಣಬಾರದಂತ ಸೀಟಿಗೆ ಮಾರಿ ಒತ್ತಿಕೊಂಡು ಬಂದೇನಿ. ಅದಕ್ಕ ಬಣ್ಣ ಬಿಡ್ತು."

ಎಣ್ಣೆ ಬಟ್ಟೆಯಿಂದ ಅವಳ ಕೆನ್ನೆಯ ಕಲೆ ಒರೆಸಿದೆ. ಒರೆಸುತ್ತಿದ್ದಂತೆ ಅವಳು ಮತ್ತೆ ಅತ್ತಳು. ಸುಮ್ಮನಿರು ಅನ್ನಲಿಲ್ಲ ನಾನು. ಹೊರಗೆ ಅವಳನ್ನು ಕೂಗುತ್ತಿದ್ದರು, ನಾವಿಬ್ಬರೂ ಓಗೊಡಲಿಲ್ಲ.

ಸುಗ್ಗಿಯತನಕ ಮನೆಯಲ್ಲಿ ಅವಳೊಬ್ಬಳ ಕೂಡ ನನ್ನ ಮಾತಿತ್ತು. ಆಮೇಲೆ ಮೈದುನ ಶಿಗ್ಗಾವಿಯಲ್ಲಿ ಹತ್ತಿಯ ವ್ಯಾಪಾರ ಹೂಡಿದ. ಹೊರಡುವ ದಿನ ಅವಳು ಮೋಟಾರಿನಿಂದ ಕೈ ಹೊರಗೆ ಚಾಚಿ, "ನೀವೂ ಬರ್ರಿ ಅಕ್ಕಾರ, ನಾಕ ದಿನ ಇದ್ದು ಬರೀರಂತ" ಅಂದಳು.

"ಆಕಿಗೆ ಇಲ್ಲೆ ಕೆಲಸ ಐತಿ" ಅಂದರು ಅತ್ತಿ.

ಮೋಟಾರು ಸಂತೆಯ ಬಯಲು ದಾಟಿ ಹೋಯಿತು. ಅತ್ತಿಯ ಸ್ನಾನಕ್ಕೆ ನೀರು ಕಾಯಿಸಬೇಕಾಗಿತ್ತು. ಒಳಗೆ ಹೋಗಿ ಒಲೆ ಹೊತ್ತಿಸಿದೆ.