ರಾಜಮತಿಗೆ ಕೊಟ್ಟ ಪರವಾನಗಿ

ನಮ್ಮ ಮನೆಗೆ ಸೊಸೆ ಬಂದ ದಿನ ಮೊದಲು ಮಾಡುವ ಕೆಲಸ ಅವಳ ಹೆಸರು ತೆಗೆಯುವುದು. ಹಿತ್ತಾಳೆ ತಾಟಿನಲ್ಲಿ ಅಕ್ಕಿ ಹರಡುತ್ತಾರೆ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ, ಹೆಂಗಸರೆಲ್ಲ ಬಗ್ಗಿ ಓದಿ ಚಲೋ ಐತಿ ಎನ್ನುತ್ತಾರೆ. ಮರುದಿನ ಅದೇ ಅಕ್ಕಿಯ ಅನ್ನ ಉಣ್ಣುತ್ತೇವೆ. ನಿಪ್ಪಾಣಿಯ ನೀಲಮ ನನ್ನ ಮೈದುನ ವೃಷಭನ ಕೈಹಿಡಿದು ರಾಯಬಾಗಕ್ಕೆ ಬಂದಾಗ ತಾಟಿನಲ್ಲಿ ರಾಜಮತಿ ಎಂದು ಬರೆಸಿದರು. ನಾನು ಪಕ್ಕದಲ್ಲಿ ಆರತಿ ಹಿಡಿದು ನಿಂತಿದ್ದೆ. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬಸ್ಸಿನಲ್ಲಿ ಬೇರೆಯವರು ಟವೆಲ್ ಹಾಕಿದ ಸೀಟಿನ ಮೇಲೆ ಕೂತವರ ಹಾಗೆ ಅಂಚಿಗೆ ಕೂತಿದ್ದಳು, ಅಷ್ಟೆ.

ಈ ಮನೆಯ ಹಿರಿಸೊಸೆ ನಾನು, ಬ್ರಾಹ್ಮಿ. ಮಾವನವರು ರಾವಸಾಹೇಬರು, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ, ಅದರ ಹಿಂದೆಯೇ ಮನೆ. ಅತ್ತೆ ಗಂಗೂಬಾಯಿ. ನನ್ನ ಯಜಮಾನರ ಹೆಸರು ಶ್ರೀಪಾಲ. ಬಾಯಿಂದ ಹೇಳುವ ಹಾಗಿಲ್ಲ, ಬರೆಯಬಾರದೆಂದು ಯಾರೂ ಹೇಳಿಲ್ಲ, ಅದಕ್ಕೇ ಬರೆದೆ.

ನಮ್ಮವರಿಗೆ ಕಂಪ್ಯೂಟರಿನ ಹುಚ್ಚು. ಕೊಲ್ಹಾಪುರದಿಂದ ತಂದು ಪಡಸಾಲೆಯಲ್ಲಿ ಇಟ್ಟ ಕಂಪ್ಯೂಟರಿಗೆ ವೈರಸ್ ಹೊಕ್ಕು ಅಂಗಡಿಯ ಲೆಕ್ಕವೆಲ್ಲ ಅಳಿಸಿಹೋದ ಮೇಲೆ, ಯಾವುದೋ ಮಾಸಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡರು. ಲಿನಕ್ಸಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡ್, ಒಬ್ಬರು ಫೈಲು ಇಟ್ಟ ಕೋಣೆಗೆ ಇನ್ನೊಬ್ಬರು ಹೋಗದ ಹಾಗೆ ಬೀಗ. ಎಲ್ಲ ಬೀಗಗಳಿಗೂ ಹೊಂದುವ ಒಂದು ದೊಡ್ಡ ಪಾಸ್‌ವರ್ಡ್ ಇರುತ್ತದೆ, ಅದಕ್ಕೆ ರೂಟ್ ಎನ್ನುತ್ತಾರೆ. ಅದು ಇದ್ದದ್ದು ನಮ್ಮ ಯಜಮಾನರ ಹತ್ತಿರ ಮಾತ್ರ. ಕೂಡುಕುಟುಂಬದಲ್ಲಿ ಬೆಳೆದ ಮನುಷ್ಯನಿಗೆ ಇಂಥ ಏರ್ಪಾಡು ಕಂಡು ಎಷ್ಟು ಖುಷಿಯಾಗಿರಬೇಕೆಂದು ನೀವೇ ಊಹಿಸಿ.

ಮಾವನವರಿಗೆ ಒಂದು ಖಾತೆ, ತಮಗೊಂದು, ತಮ್ಮನಿಗೊಂದು ಮಾಡಿದರು. ಹೊಸ ಸೊಸೆ ಬಿ.ಎ. ಓದಿದವಳು, ಅವಳಿಗೂ ಒಂದು ಇರಲಿ ಎಂದು ಹೆಸರೇನು ಹಾಕಲಿ ಎಂದು ಕೇಳಿದರು. ನನ್ನನ್ನು ಕೇಳಲಿಲ್ಲ, ಅದು ಬೇರೆ ಮಾತು. ಅವಳು ನೀಲಮ ಎಂದಳು. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲದರಲ್ಲೂ ಇದ್ದ ಹೆಸರು ಅದೇ ಆದ್ದರಿಂದ ಬಾಯಿಗೆ ಮೊದಲು ಅದೇ ಬಂತು. ನಮ್ಮವರೂ ಯೋಚನೆ ಮಾಡದೆ ಅದನ್ನೇ ಒತ್ತಿದರು. ಹೀಗೆ ಮನೆಮಂದಿ ಬಾಯಿತುಂಬ ರಾಜಮತಿ ಎಂದು ಕರೆಯುವವಳು ಆ ಡಬ್ಬಿಯೊಳಗೆ ಮಾತ್ರ ನೀಲಮಳಾಗಿ ಉಳಿದಳು.

ನೀಲಮ ಏಳನೆಯ ಇಯತ್ತೆವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ ಕಲಿತವಳು. ಎರಡೂ ಭಾಷೆ ಅವಳ ಕೈಯಲ್ಲಿ ರೊಟ್ಟಿ ಬಡಿದಷ್ಟು ಸಲೀಸು. ನಮ್ಮ ಮನೆಯಲ್ಲಿ ಅದನ್ನು ಬಳಸುವ ಜಾಗವಿರಲಿಲ್ಲ. ಅಂಗಡಿಗೆ ಹೆಣ್ಣುಮಕ್ಕಳು ಕಾಲಿಡುವ ಹಾಗಿಲ್ಲ, ನೌಕರಿಯ ಮಾತು ಎತ್ತುವ ಹಾಗಿಲ್ಲ, ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯ ಹೆಸರು ತೆಗೆದರೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ವೃಷಭ ಅಥಣಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದ, ಹಂಗಾಮು ಶುರುವಾದರೆ ರವಿವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಅವಳು ಮಧ್ಯಾಹ್ನದ ಹೊತ್ತು ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ನೋಡಲು ಅಲ್ಲಿ ನಮ್ಮದೇ ಬಚ್ಚಲ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಅಂಥದ್ದರಲ್ಲಿ ಅವಳ ಗೆಳತಿ ಸಾರಿಕಾ ನಿಪ್ಪಾಣಿಯಿಂದ ಫೋನ್ ಮಾಡಿ ಒಂದು ಸುದ್ದಿ ಹೇಳಿದಳು. ಪುಣೆಯ ಒಂದು ಸಂಸ್ಥೆ ರೈತರಿಗಾಗಿ ಮರಾಠಿಯಲ್ಲಿ ಪುಸ್ತಿಕೆ ತರುತ್ತದೆ, ಗಡಿ ಕಡೆಯ ಊರುಗಳಿಗೆ ಅದನ್ನು ಕನ್ನಡಕ್ಕೆ ಮಾಡುವವರು ಬೇಕಂತೆ, ಮನೆಯಲ್ಲೇ ಕೂತು ಮಾಡಬಹುದಂತೆ. ನೀಲಮ ತವರಿಗೆ ಹೋದಾಗ ಅವರ ಜೊತೆ ಮಾತಾಡಿ ಬಂದಳು. ಕಬ್ಬಿನ ಮೇಲಿನ ಒಂದು ಪುಸ್ತಿಕೆ ಕೊಟ್ಟು, ಇದನ್ನು ಇಂಥ ಶುಕ್ರವಾರದೊಳಗೆ ಈಮೇಲಿನಲ್ಲಿ ಕಳಿಸಿ, ಚಲೋ ಆದರೆ ಮುಂದಿನದೆಲ್ಲ ನಿಮಗೇ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು. ಅವಳು ಕಂಪ್ಯೂಟರಿನಲ್ಲಿ ತನ್ನ ಖಾತೆ ತೆರೆದು ಅದನ್ನು ಮಾಡಿದ ಚಂದ ನಾನು ನೋಡಿದ್ದೇನೆ. ಕಬ್ಬಿನ ಒಣಗಿದ ಎಲೆಗೆ ಮರಾಠಿಯಲ್ಲಿ ಪಾಚಟ ಎನ್ನುತ್ತಾರೆ, ಕನ್ನಡದಲ್ಲಿ ಏನು ಬರೆಯಲಿ ಎಂದು ಕೇಳಿದಳು. ರವದಿ ಎಂದೆ. ಬರೆದಳು, ನಕ್ಕಳು. ಮದುವೆಯಾದ ಮೇಲೆ ಅವಳ ಹಲ್ಲು ಕಂಡದ್ದು ಅವತ್ತೇ.

ಮಾಡಿದ್ದನ್ನು ಕಳಿಸಲು ಮಾತ್ರ ಲೈನು ಬೇಕು. ಆಗ ಇಂಟರ್ನೆಟ್ ಎಂದರೆ ಮೊಡೆಮ್. ಫೋನಿನ ವಾಯರನ್ನೇ ಹಿಡಿದು ಕಿರ್ರೋ ಎಂದು ಕೂಗಿ ಹೋಗಬೇಕು, ಅಷ್ಟು ಹೊತ್ತು ಅಂಗಡಿಯ ಫೋನು ಎಂಗೇಜು. ಒಮ್ಮೆ ವೃಷಭ ಲೈನು ಬಿಡದೆ ಮಲಗಿಬಿಟ್ಟ, ಮುಗಳಖೋಡದ ಗಿರಾಕಿಗಳು ದಿನವೆಲ್ಲ ಫೋನ್ ಹತ್ತದೆ ಬೇರೆ ಅಂಗಡಿಗೆ ಹೋದರು. ಅವತ್ತಿನಿಂದ ತಾವು ಹೇಳಿದವರಿಗಷ್ಟೇ ಲೈನು ಎಂದು ಮಾವನವರು ಅಪ್ಪಣೆ ಮಾಡಿದರು. ಲಿನಕ್ಸಿನಲ್ಲಿ ಅದಕ್ಕೂ ಸೌಲಭ್ಯವಿತ್ತು. ಮೊಡೆಮ್ ಮುಟ್ಟುವವರದೇ ಒಂದು ಗುಂಪು. ಆ ಗುಂಪಿನ ಸಾಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ ಲೈನು ಸಿಗುತ್ತದೆ, ಉಳಿದವರಿಗೆ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ. ನಮ್ಮವರು ಮೂವರು ಗಂಡಸರ ಹೆಸರು ಬರೆದು ಕೈತೊಳೆದುಕೊಂಡಿದ್ದರು.

ಸೊಸೆಯಾದವಳು ಮಾವನ ಎದುರು ನಿಂತು ಕೇಳುವಂತಿಲ್ಲ. ನೀಲಮ ನನಗೆ ಹೇಳಿದಳು, ನಾನು ಅತ್ತೆಗೆ ಹೇಳಿದೆ, ಅತ್ತೆ ಹೊತ್ತು ನೋಡಿ ಮಾವನವರಿಗೆ ಹೇಳಿದರು. ಮನೆಯಲ್ಲೇ ಕೂತು ಮಾಡುವ ಕೆಲಸ, ಅದೂ ಕಬ್ಬಿನದು ಎಂದು ಕೇಳಿದ ಮೇಲೆ ಅವರು ತಾಟಿನಿಂದ ಮುಖ ಎತ್ತದೆ, ರಾಜಮತಿ ಹೆಸರೂ ಹಾಕು ಎಂದು ಮಗನಿಗೆ ಹೇಳಿದರು. ನಮ್ಮವರು ಉಂಡು ಕೈತೊಳೆದು ಹೋಗಿ ಹಾಕಿಯೇಬಿಟ್ಟರು. ನೀಲಮ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಕೈಗೆ ಹಿಟ್ಟು ಮೆತ್ತಿತ್ತು.

ಮರುದಿನ ಕೂತು ಲೈನು ಹಚ್ಚಿದಳು. ಪರ್ಮಿಷನ್ ಡಿನೈಡ್. ಇನ್ನೊಮ್ಮೆ ಹಚ್ಚಿದಳು, ಅದೇ ಬಂತು. ಎದ್ದು ಬಂದು ಮೆಂತ್ಯೆ ಸೋಸಲು ಕೂತಳು. ನನಗೂ ಒಂದು ಮಾತು ಹೇಳಲಿಲ್ಲ. ಮಾವನವರು ಮನಸ್ಸು ಬದಲಿಸಿದ್ದಾರೆ, ಹೇಳಲು ಸಂಕೋಚವಾಗಿ ಭಾವನವರು ಸುಮ್ಮನೆ ಹೆಸರು ತೆಗೆದಿದ್ದಾರೆ ಎಂದುಕೊಂಡಿದ್ದಳು. ಒಮ್ಮೆ ಕೊಟ್ಟದ್ದನ್ನು ಯಾಕೆ ಕಸಿದುಕೊಂಡಿರಿ ಎಂದು ಕೇಳುವ ಸೊಸೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅತ್ತ ಮಾವನವರು, ಅಷ್ಟು ಕಾಡಿ ಲೈನು ಕೇಳಿದವಳು ಒಮ್ಮೆಯೂ ಹಚ್ಚಲಿಲ್ಲವಲ್ಲ, ಬರೀ ಶೋಕಿ ಎಂದು ಅತ್ತೆಯ ಎದುರು ಗೊಣಗಿದರು. ಅದು ಗೋಡೆ ದಾಟಿ ಅವಳ ಕಿವಿಗೆ ಬಿತ್ತು. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಈ ಮನೆಯಲ್ಲಿ ನಾವು ಹೆಂಗಸರು ಉಸಿರು ಕಟ್ಟಿ ಸಾಯುವುದು ಬೀಗದಿಂದಲ್ಲ, ಮರ್ಯಾದೆಯಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಶುಕ್ರವಾರ ಬೆಳಗ್ಗೆ ಅವಳ ಕಣ್ಣು ಕೆಂಪಾಗಿದ್ದು ನೋಡಿ ಗದರಿಸಿ ಕೇಳಿದೆ, ಆಗ ಹೇಳಿದಳು. ನನಗೆ ಮೈ ಉರಿಯಿತು. ನಮ್ಮವರಿಗೆ ನಾಷ್ಟಾ ಬಡಿಸುತ್ತ, ಆಕೆಯ ಹೆಸರನ್ನು ಯಾಕೆ ತೆಗೆದಿರಿ ಎಂದು ನೆಟ್ಟಗೆ ಕೇಳಿದೆ. ಅವರು ಉಪ್ಪಿಟ್ಟು ಬಾಯಲ್ಲಿಟ್ಟುಕೊಂಡೇ ಎದ್ದು ಹೋಗಿ ನೋಡಿದರು. ಹೆಸರು ಇದ್ದಲ್ಲೇ ಇತ್ತು. ಮಾವನವರು ಹೇಳಿದ ಹಾಗೆ ರಾಜಮತಿ ಎಂದೇ ಬರೆದಿದ್ದರು. ಆದರೆ ಆ ಕಂಪ್ಯೂಟರಿನಲ್ಲಿ ರಾಜಮತಿ ಎಂಬುವವಳೇ ಇರಲಿಲ್ಲ. ಇಲ್ಲದವಳಿಗೆ ಪರವಾನಗಿ ಕೊಟ್ಟು, ಇದ್ದವಳನ್ನು ಹೊರಗೆ ನಿಲ್ಲಿಸಿದ್ದರು.

ನೀಲಮ ಎಂದು ಒಂದು ಶಬ್ದ ಸೇರಿಸಿದರೆ ಮುಗಿಯುತ್ತಿತ್ತು, ನಮ್ಮವರು ಅದಕ್ಕೇ ಕೈ ಹಾಕಿದ್ದರು. ಅಷ್ಟರಲ್ಲಿ ಮಾವನವರು ಪಡಸಾಲೆಗೆ ಬಂದು ಏನು ನಡೆದಿದೆ ಎಂದು ಕೇಳಿದರು. ನಮ್ಮವರು ಹೇಳಿದರು.

“ನಮ್ಮ ಮನ್ಯಾಗ ನೀಲಮ ಅನ್ನಾಕಿ ಯಾರದಾಳೋ?” ಎಂದರು. ದನಿ ಏರಿಸಲಿಲ್ಲ. “ನಾ ಪರವಾನಗಿ ಕೊಟ್ಟಿದ್ದು ರಾಜಮತಿಗೆ.”

ನಮ್ಮವರ ಬೆರಳು ಅಲ್ಲೇ ನಿಂತಿತು. ನಂತರ ರಾಜಮತಿ ಎಂಬ ಹೊಸ ಖಾತೆ ಮಾಡಿ, ಪಾಸ್‌ವರ್ಡ್ ಇಟ್ಟು, ಕಾಗವಾಡದ ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿ ಹೋದರು. ಗೊಬ್ಬರ ಕಂಪನಿಯ ಮೀಟಿಂಗು, ಬರುವುದು ರಾತ್ರಿಗೇ.

ನೀಲಮ ರಾಜಮತಿಯಾಗಿ ಕೂತಳು. ಮೊಡೆಮ್ ಕಿರ್ರೆಂದು ಕೂಗಿ ಲೈನು ಹತ್ತಿತು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ. ಅವಳು ಪುಸ್ತಿಕೆಯ ಫೈಲು ತೆಗೆಯಲು ಹೋದಳು. ಪರ್ಮಿಷನ್ ಡಿನೈಡ್. ಫೈಲು ಇದ್ದದ್ದು ನೀಲಮಳ ಕೋಣೆಯಲ್ಲಿ, ಅದಕ್ಕೆ ನಮ್ಮವರು ಹಾಕಿದ ಬೀಗ. ನೀಲಮಳಾಗಿ ಒಳಗೆ ಹೋದರೆ ಫೈಲುಂಟು ಲೈನಿಲ್ಲ, ರಾಜಮತಿಯಾಗಿ ಹೋದರೆ ಲೈನುಂಟು ಫೈಲಿಲ್ಲ. ಬೀಗ ತೆಗೆಯುವ ಪಾಸ್‌ವರ್ಡು ಕಾಗವಾಡದ ಬಸ್ಸಿನಲ್ಲಿ ಹೋಗುತ್ತಿತ್ತು, ಬೇರೆ ದಾರಿ ಇದ್ದರೂ ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅವಳು ಪರದೆಯನ್ನೇ ನೋಡುತ್ತ ಕೂತಳು.

“ಅಕ್ಕಾ, ನಾ ಎರಡೂ ಕಡೆ ಅದೀನಿ, ಎಲ್ಲೂ ಪೂರ್ತಿ ಇಲ್ಲ ನೋಡ್ರಿ,” ಎಂದಳು.

 ನಾನು ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಹರಿದು ಅವಳ ಮುಂದೆ ಹಾಕಿದೆ. ಅವಳು ನೀಲಮಳಾಗಿ ಹೋಗಿ ತಾನು ಬರೆದದ್ದನ್ನು ನೋಡಿ ನೋಡಿ ಹಾಳೆಗಳ ಹಿಂದೆ ಪೆನ್ನಿನಲ್ಲಿ ಇಳಿಸಿಕೊಂಡಳು. ಆಮೇಲೆ ರಾಜಮತಿಯಾಗಿ ಬಂದು ಕೂತಳು. ನಾನು ಓದಿ ಹೇಳಿದೆ, ಅವಳು ಒತ್ತಿದಳು. ನಡುವೆ ಕರೆಂಟು ಹೋಯಿತು, ಒತ್ತಿದ್ದರಲ್ಲಿ ಅರ್ಧ ಹೋಯಿತು, ಮತ್ತೆ ಮೊದಲಿನಿಂದ. ಮಧ್ಯಾಹ್ನದ ಅಡುಗೆಯನ್ನು ಅತ್ತೆ ಒಬ್ಬರೇ ಮಾಡಿದರು. ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟರು, ಆದರೆ ಬ್ರಾಹ್ಮಿ, ರಾಜಮತಿ ಎಂದು ನಮ್ಮನ್ನು ಕರೆಯಲಿಲ್ಲ. ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿಗೆ ಮೇಲ್ ಹೋಯಿತು. ಕೊನೆಯಲ್ಲಿ ಹೆಸರು ಹಾಕುವಾಗ ಅವಳ ಕೈ ನಿಂತಿತು. ಹೊರಗಿನಿಂದ ಮಾವನವರ ಕೆಮ್ಮು ಕೇಳಿಸುತ್ತಿತ್ತು. ನೀಲಮ ಎಂದೇ ಹಾಕಿದಳು.

ಕೆಲಸ ಅವಳಿಗೇ ಸಿಕ್ಕಿತು. ಅದಾದ ಕೆಲವೇ ದಿನಕ್ಕೆ, ಒಬ್ಬಳಿಗೆ ಎರಡು ಖಾತೆ ಯಾಕೆ ಎಂದು ಮಾವನವರು ಕೇಳಿದ್ದರಿಂದ ನಮ್ಮವರು ನೀಲಮಳನ್ನು ತೆಗೆದರು. ಪುಣ್ಯಕ್ಕೆ ಫೈಲುಗಳನ್ನು ಅಳಿಸಲಿಲ್ಲ. ಲಿನಕ್ಸಿನ ರೀತಿ ಏನೆಂದರೆ, ಮನುಷ್ಯರನ್ನು ತೆಗೆದರೂ ಅವರ ಸಾಮಾನು ಅಲ್ಲೇ ಬಿದ್ದಿರುತ್ತದೆ, ಒಡೆಯರ ಹೆಸರಿದ್ದ ಜಾಗದಲ್ಲಿ ಬರೀ ಒಂದು ಸಂಖ್ಯೆ ಕಾಣುತ್ತದೆ. ಅವಳ ಕೋಣೆಯ ಮೇಲೆ 1003 ಎಂದು ಕಾಣಿಸುತ್ತಿತ್ತು. ಬೀಗ ಹಾಗೇ ಇತ್ತು. ಅವಳು ದಿನವೂ ರಾಜಮತಿಯಾಗಿ ಕೂತು ದುಡಿದಳು, ಪುಸ್ತಿಕೆಯ ಮೇಲೆ ಪುಸ್ತಿಕೆ ಮಾಡಿದಳು. ಹೊಸಿಲು ದಾಟಲಿಲ್ಲ.

ಬ್ರಾಡ್‌ಬ್ಯಾಂಡ್ ಬಂದು ಮೊಡೆಮ್ ಮೂಲೆಗೆ ಹೋಗುವಷ್ಟರಲ್ಲಿ ಮಾವನವರು ಹಾಸಿಗೆ ಹಿಡಿದಿದ್ದರು, ನಮ್ಮವರಿಗೆ ಮೊಬೈಲಿನ ಹುಚ್ಚು ಹತ್ತಿತ್ತು. ಕಂಪ್ಯೂಟರಿನ ಉಸಾಬರಿ ಸಾಕೆಂದು ರೂಟ್ ಪಾಸ್‌ವರ್ಡನ್ನು ನೀಲಮಳಿಗೇ ಹೇಳಿಬಿಟ್ಟರು. ಅವಳು ಅವತ್ತೇ ನೀಲಮ ಎಂಬ ಖಾತೆ ಮಾಡಿ ಅದಕ್ಕೆ ಆ ಹಳೆಯ ಸಂಖ್ಯೆಯನ್ನೇ ಕೊಟ್ಟಳು. ಬೀಗ ಬಿದ್ದ ಕೋಣೆಯ ಮೇಲೆ ಹೆಸರು ತಾನಾಗಿ ಬಂತು. ಒಳಗೆ ಕಬ್ಬಿನ ಪುಸ್ತಿಕೆ, ರವದಿಯ ಪುಟ, ಎಲ್ಲ ಇಟ್ಟಲ್ಲೇ ಇದ್ದವು. ಅವಳು ಅದನ್ನು ಓದಲಿಲ್ಲ. ನನ್ನ ಕಡೆ ತಿರುಗಿದಳು.

“ಅಕ್ಕಾ, ನಿಮಗೂ ಒಂದು ಖಾತೆ ಮಾಡ್ತೀನಿ. ಮದಲ ನಿಮ್ಮ ಹೆಸರ ಏನಿತ್ತರಿ?”

ಈ ಮನೆಯಲ್ಲಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಕುಸುಮ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಅವಳು ಖಾತೆ ಮಾಡಿ, ಕುರ್ಚಿ ಬಿಟ್ಟುಕೊಟ್ಟು, ಈಗ ನೀವೇ ಒಳಗೆ ಹೋಗಿ ಎಂದು ಪಕ್ಕದಲ್ಲಿ ನಿಂತಳು. ನಾನು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಹೆಸರು ಒತ್ತಿದೆ, ಪಾಸ್‌ವರ್ಡ್ ಒತ್ತಿದೆ. ಒಳಗೆ ಬಿಡಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಬಿಡಲಿಲ್ಲ. ನಿನ್ನ ಲಿನಕ್ಸಿಗೂ ನನ್ನ ಕಂಡರೆ ಆಗುವುದಿಲ್ಲ ನೋಡು ಎಂದು ರೇಗಿದೆ.

ನೀಲಮ ನನ್ನ ಭುಜದ ಮೇಲೆ ಕೈ ಇಟ್ಟಳು. ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡಿದೆ. ಎರಡು ಸಲವೂ ಬ್ರಾಹ್ಮಿ ಎಂದೇ ಒತ್ತಿದ್ದೆ.