ಇಶಿದಾ ಸಾನ್ ಬಿಟ್ಟುಹೋಗುತ್ತಿದ್ದ ಅರ್ಧ ಲೋಟ ಚಹಾ

ಇಶಿದಾ ಸಾನ್ ನಮ್ಮ ಮನೆಯಲ್ಲಿ ಒಂದು ಲೋಟ ಚಹಾವನ್ನು ಪೂರ್ತಿ ಕುಡಿದವರಲ್ಲ. ಜಗಲಿಯ ತುದಿಯಲ್ಲಿ ಕೂತು, ಮಾಸ್ಕನ್ನು ಗಲ್ಲಕ್ಕಿಳಿಸಿ, ಎರಡು ಗುಟುಕು ಹೀರುವಷ್ಟರಲ್ಲಿ ಬೆಟ್ಟದ ಕಡೆ ಮುಖ ತಿರುಗಿಸುತ್ತಿದ್ದರು. ಮರಗಳ ತುದಿ ಅಲ್ಲಾಡಿತೆಂದರೆ ಮುಗಿಯಿತು, ಲೋಟ ಅಲ್ಲೇ, ಮನುಷ್ಯ ರಸ್ತೆಯಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ನಾನು ನಗುತ್ತಿದ್ದೆ.

ಕೊರೊನಾ ಬಂದು ಟೋಕಿಯೋದ ಆಫೀಸುಗಳೆಲ್ಲ ಮನೆಯೊಳಗೆ ನುಗ್ಗಿದಾಗ, ಫುನಾಬೊರಿಯ ಬೆಂಕಿಪೊಟ್ಟಣದಂಥ ಫ್ಲ್ಯಾಟಿನಲ್ಲಿ ನಾವು ಒಬ್ಬರನ್ನೊಬ್ಬರು ಎಡವುತ್ತಿದ್ದೆವು. ಕಡೆಗೆ ನಮ್ಮ ಮನೆಯವರು ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಹಳೇ ಮನೆ ಬಾಡಿಗೆಗೆ ಹಿಡಿದರು. ಇಶಿದಾ ಸಾನ್, ನಮ್ಮ ಮಾತಲ್ಲಿ ಇಶಿದಾ ಅವರು, ಅಲ್ಲಿನ ಕ್ಷೌರಿಕರು. ಜೊತೆಗೆ ಊರಿನ ಸ್ವಯಂಸೇವಕ ಅಗ್ನಿಶಾಮಕ ಪಡೆಯ ಮುಖ್ಯಸ್ಥರು. ಗಾಳಿಯೆದ್ದರೆ ಎಲ್ಲಾದರೂ ಹೊಗೆ ಕಾಣುತ್ತದೆಯೇ ಎಂದು ಊರು ಸುತ್ತಿಬರುತ್ತಿದ್ದರು. ಪಡೆಯೆಂದರೆ ಏಳೆಂಟು ಮುದುಕರು, ಒಂದು ಪುಟ್ಟ ಲಾರಿ, ಅದರ ಮೇಲೊಂದು ಹಠಮಾರಿ ಪಂಪು.

ನಮಗೆ ಪರಿಚಯ ಮಾಡಿಸಿದ್ದು ಬದನೆಕಾಯಿ. ಆ ಮನೆಯಲ್ಲಿದ್ದದ್ದು ಕರೆಂಟಿನ ಒಲೆ. ಸುಟ್ಟ ಬದನೆಕಾಯಿ ಗೊಜ್ಜಿಲ್ಲದೆ ನನ್ನ ನಾಲಿಗೆ ಜಡ್ಡು ಹಿಡಿದಿತ್ತು. ಫೆಬ್ರವರಿಯ ಒಣ ಹವೆಯಲ್ಲಿ, ಹಿತ್ತಲಿನ ತರಗೆಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದೆ. ಸಿಪ್ಪೆ ಕಪ್ಪಾಗುವ ಮೊದಲೇ ಇಶಿದಾ ಸಾನ್ ಬಕೆಟ್ ನೀರು ಹಿಡಿದು ಓಡಿಬಂದರು. ಅವರ ಹಿಂದೆಯೇ ಅರ್ಧ ಕ್ಷೌರವಾದ ತಲೆಯ ಗಿರಾಕಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಇನ್ನೊಂದು ಬಕೆಟ್ಟಿನೊಂದಿಗೆ! ಬೆಂಕಿಯ ಜೊತೆ ಬದನೆಕಾಯಿಯೂ ಮುಳುಗಿತು. ನಾನು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಗ್ಗಿದ್ದೇ ಬಗ್ಗಿದ್ದು.

"ಓಕ್ಸಾನ್," ಎಂದರು. ಮನೆಯೊಡತಿಯನ್ನು ಅಲ್ಲಿ ಕರೆಯುವುದು ಹಾಗೆ. "ಈ ತಿಂಗಳಲ್ಲಿ ಬೆಟ್ಟ ಅಂದ್ರೆ ಬರೀ ಸೌದೆ." ಅವರ ಜಪಾನಿ ನನ್ನ ಕಿವಿಗೆ ಹೀಗೇ ಕೇಳುತ್ತಿತ್ತು. ಮರುದಿನ ತಮ್ಮ ಗ್ಯಾಸ್ ಒಲೆಯಲ್ಲಿ ತಾವೇ ಬದನೆಕಾಯಿ ಸುಟ್ಟು ತಂದುಕೊಟ್ಟರು.

ಪಂಪು ದಿನೇ ದಿನೇ ಹೆಚ್ಚು ಸತಾಯಿಸುತ್ತಿತ್ತು. ಕಾಡ್ಗಿಚ್ಚಿನ ಭಯವಿರುವ ಹಳ್ಳಿಗಳಿಗೆ ಹೊಸ ಪಂಪು ಕೊಳ್ಳಲು ಸರ್ಕಾರ ಅನುದಾನ ಕೊಡುತ್ತದೆಂದು ತಿಳಿದ ಮೇಲಂತೂ ಇಶಿದಾ ಸಾನ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಅದು ಸಿಗದಿದ್ದರೆ ಈ ಪಡೆಯನ್ನು ಮುಚ್ಚಿ ಪಟ್ಟಣದ ಪಡೆಗೆ ಸೇರಿಸುವ ಮಾತಿತ್ತು. "ಪಟ್ಟಣದ ಗಾಡಿ ಬರೋವರೆಗೂ ಬೆಂಕಿ ಕೈಕಟ್ಟಿ ಕೂತಿರುತ್ತಾ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು.

ಮರುವರ್ಷ ಮಾರ್ಚಿನಲ್ಲಿ ಅನುದಾನದ ಪರೀಕ್ಷೆ ಬಂತು. ಸೋಂಕಿನ ಭಯಕ್ಕೆ ಅಧಿಕಾರಿ ಖುದ್ದು ಬರದೆ, ಪಡೆಯ ಕವಾಯತನ್ನು ವಿಡಿಯೋ ಕರೆಯಲ್ಲೇ ನೋಡುತ್ತೇನೆಂದರು. ಫೋನ್ ಹಿಡಿದು ನಿಂತವರು ನಮ್ಮವರು. ಮುದುಕರೆಲ್ಲ ಸಾಲಾಗಿ ನಿಂತರು. ಇಶಿದಾ ಸಾನ್ ಸೆಲ್ಯೂಟ್ ಹೊಡೆದು, ಪಂಪಿನ ಹಗ್ಗ ಎಳೆಯಲು ಬಗ್ಗಿದವರು ತಟ್ಟನೆ ತಲೆಯೆತ್ತಿ ಗಾಳಿ ಮೂಸಿದರು. ಆಚೆ ದಿಬ್ಬದಲ್ಲಿ ಯಾರೋ ಗದ್ದೆ ಬದುವಿನ ಹುಲ್ಲಿಗೆ ಬೆಂಕಿಯಿಟ್ಟಿದ್ದರು, ಗಾಳಿ ಅದನ್ನು ಕಾಡಿನತ್ತ ತಳ್ಳುತ್ತಿತ್ತು. ನೋಡುನೋಡುತ್ತಲೇ ಲಾರಿ, ಪಂಪು, ಪಡೆ ಎಲ್ಲವೂ ಮಾಯ. ನಮ್ಮವರು ಖಾಲಿ ಶೆಡ್ಡನ್ನು ತೋರಿಸುತ್ತ ಅಧಿಕಾರಿಗೆ ಸಮಾಧಾನ ಹೇಳುತ್ತಿದ್ದರು. ಕಾದು ಕಾದು ಅಧಿಕಾರಿ ಕರೆ ಮುಗಿಸಿದರು.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಮರಳಿದವರನ್ನು ನಮ್ಮವರು ಕೇಳಿಯೇಬಿಟ್ಟರು: "ಮೀಟಿಂಗ್ ಮುಗಿಸ್ಕೊಂಡು ಹೋಗ್ಬೋದಿತ್ತಲ್ವಾ, ಇಶಿದಾ ಸಾನ್?"

"ಮೀಟಿಂಗ್ ಇದ್ದಿದ್ದು ನನಗೆ. ಬೆಂಕಿಗೆ ಇರ್ಲಿಲ್ವಲ್ಲ."

ಕವಾಯತು ಪೂರ್ಣವಾಗಿಲ್ಲವೆಂದು ಅನುದಾನ ಬೇರೆ ಊರಿಗೆ ಹೋಯಿತು. ನಿಜವಾದ ಬೆಂಕಿ ಆರಿಸಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಪಡೆ ಮುಚ್ಚಿತು, ಹಳೇ ಪಂಪು ಗುಜರಿಗೆ ಹೋಯಿತು, ಶೆಡ್ಡಿಗೆ ಬೀಗ ಬಿತ್ತು.

ಆಫೀಸು ಮತ್ತೆ ಕರೆದದ್ದರಿಂದ ನಾವು ಟೋಕಿಯೋಕ್ಕೆ ಹೊರಡುವ ಹಿಂದಿನ ದಿನ ಇಶಿದಾ ಸಾನ್ ಬಂದರು. ಗಾಳಿ ಜೋರಾಗಿತ್ತು. ಅಂದು ಅವರು ಬೆಟ್ಟಕ್ಕೆ ಬೆನ್ನುಹಾಕಿ ಕೂತು, ನಿಧಾನವಾಗಿ ಚಹಾ ಕುಡಿದರು. ಅವರ ಹೆಗಲ ಮೇಲಿಂದ ಮರಗಳ ತುದಿಯನ್ನೇ ನೋಡುತ್ತ ನಾನು ಚಡಪಡಿಸುತ್ತಿದ್ದೆ. ಎದ್ದು ಓಡಬಾರದೇ ಈ ಮನುಷ್ಯ ಎನ್ನಿಸಿತು.

ಅವರು ಖಾಲಿ ಲೋಟವನ್ನು ನನ್ನ ಕೈಗಿಟ್ಟರು.

"ತಳದಲ್ಲಿ ಶುಂಠಿ ಇರುತ್ತೆ ಅಂತ ಗೊತ್ತೇ ಇರ್ಲಿಲ್ಲ, ಓಕ್ಸಾನ್."