ಹೊಳೆಯ ಜಾಗದ ಹುಲ್ಲು

ಅವರ ಅಂಗಾಲಿನ ಬಿರುಕುಗಳಲ್ಲಿ ಹುಲ್ಲಿನ ಹಸಿರು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಸ್ಕತ್ತಿನ ಹೊರಗಿನ ನಮ್ಮ ಗಾಲ್ಫ್ ಮೈದಾನದಲ್ಲಿ ಅವರು ಹುಲ್ಲಿನ ಮೇಸ್ತ್ರಿ, ನಾನು ರಿಸೆಪ್ಶನ್ನಿನವಳು. ಬೆಳಿಗ್ಗೆ ಬೂಟು ಕಳಚಿ ಬರಿಗಾಲಲ್ಲಿ ನಿಂತರೆ ಎಲ್ಲಿ ನೀರು ಹೆಚ್ಚು, ಎಲ್ಲಿ ಕಮ್ಮಿ ಎಂದು ಹೇಳಿಬಿಡುತ್ತಿದ್ದರು. ಕುಂದಾಪುರದ ಕಡೆಯವರು. ನನ್ನ ಚಹಾಕ್ಕೆ ಸಕ್ಕರೆ ಜಾಸ್ತಿ ಎಂದು ಬೈಯುತ್ತಲೇ ಎರಡು ಲೋಟ ಕುಡಿಯುತ್ತಿದ್ದರು.

ಮೈದಾನದ ಕೆಳಭಾಗ ಇದ್ದದ್ದು ವಾದಿಯಲ್ಲಿ, ಅಂದರೆ ಬೆಟ್ಟದಿಂದ ಇಳಿಯುವ ಒಣ ಹೊಳೆಯ ಪಾತ್ರದಲ್ಲಿ. ಅಲ್ಲಿ ಹುಲ್ಲು ಹಾಸಿ ಮರ ನೆಟ್ಟಿದ್ದರು. ಥೇಟ್ ಸ್ವಿಟ್ಜರ್ಲೆಂಡು ಎಂದು ಅತಿಥಿಗಳು ಫೋಟೊ ತೆಗೆದರೆ ಮೇಸ್ತ್ರಿಗೆ ಸಿಟ್ಟು.

“ಹೊಳೆಯ ಜಾಗದಲ್ಲಿ ನಾವು ಕೂತದ್ದು ಮಾರಾಯ್ತಿ. ಅದು ಒಂದು ದಿನ ಬರ್ಲಿಕ್ಕುಂಟು.”

ಬೆಟ್ಟದ ಮೇಲಿನ ಹಳ್ಳಿಯ ಚಹಾದಂಗಡಿಯವನೊಬ್ಬ ಅವರ ದೋಸ್ತಿ. ಮೋಡ ಕಂಡರೆ ಸಾಕು, ಅವನಿಗೆ ಫೋನು. ಒಮ್ಮೆ ಅಲ್ಲಿ ಜೋರು ಮಳೆ ಎಂದು ತಿಳಿದು ನನಗೆ ರಿಸೆಪ್ಶನ್ನಿನಲ್ಲಿದ್ದ ಅಪಾಯದ ಸೈರನ್ ಹಾಕಲು ಹೇಳಿದರು. ಹಾಕಿದೆ. ದೊಡ್ಡ ದೊಡ್ಡ ಅತಿಥಿಗಳೆಲ್ಲ ಎದ್ದುಬಿದ್ದು ಓಡಿಬಂದರು. ನೀರು ಮಾತ್ರ ಒಂದು ಹನಿ ಬರಲಿಲ್ಲ. ಇನ್ನೊಮ್ಮೆ ಕೇಳದೆ ಗುಂಡಿ ಒತ್ತಿದರೆ ಊರಿಗೆ ಕಳಿಸುತ್ತೇನೆ ಎಂದು ಮ್ಯಾನೇಜರು ಬರೆದುಕೊಟ್ಟ. ನಾನು ಮೇಸ್ತ್ರಿಯ ಮೇಲೆ ಹಾರಾಡಿದೆ.

“ಬಾರದ್ದಕ್ಕೆ ಬೇಜಾರಾ ನಿಂಗೆ? ಖುಷಿ ಪಡು ತಂಗೀ,” ಎಂದು ನಕ್ಕರು.

ಆಮೇಲಿನ ವರ್ಷ ಒಂದು ಮಧ್ಯಾಹ್ನ, ನಮ್ಮ ಮೇಲೆ ಸುಡು ಬಿಸಿಲು, ಅವರ ಫೋನು ಬಂತು. ದನಿಯಲ್ಲಿ ನಗು ಇರಲಿಲ್ಲ.

“ತಂಗೀ, ಬೆಟ್ಟದವನಿಗೆ ಫೋನೇ ಹೋಗುದಿಲ್ಲ. ಮಳೆಗೆ ಟವರೇ ಬಿದ್ದಿರ್ಬೇಕು. ಸೈರನ್ ಹಾಕು.”

“ಖಂಡಿತವಾ? ಮ್ಯಾನೇಜರನ್ನೊಮ್ಮೆ ಕೇಳ್ತೇನೆ, ತಡೀರಿ.”

“ಆಯ್ತು, ಕೇಳು. ಕೆಳಗೆ ನಾಲ್ಕು ಜನ ಕೆಲಸಕ್ಕಿದ್ದಾರೆ, ನಾನೇ ಹೋಗ್ತೇನೆ.”

ಮ್ಯಾನೇಜರು ಮೀಟಿಂಗಿನಲ್ಲಿದ್ದ. ನಾನು ಕಾದೆ. ಆಹಾ, ಎಂಥಾ ಶಿಸ್ತು ನನ್ನದು! ಮತ್ತೆ ಮತ್ತೆ ಫೋನು ಹಚ್ಚಿದೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಲಾರಿಗಟ್ಟಲೆ ಜಲ್ಲಿ ಸುರಿದಂಥ ಸದ್ದು ಕೇಳಿತು. ಆಗ ಸೈರನ್ನಿನ ಗುಂಡಿ ಒತ್ತಿದೆ.

ನಾಲ್ವರೂ ಮೈದಾನದ ಗಾಡಿಯಲ್ಲಿ ಮೇಲೆ ಬಂದರು. ಅದರಲ್ಲಿ ನಾಲ್ಕೇ ಜನಕ್ಕೆ ಜಾಗ. “ಯಲ್ಲಾ, ಚಲೋ!” ಎಂದು ಅವರನ್ನು ಹತ್ತಿಸಿ ಕಳಿಸಿ ಮೇಸ್ತ್ರಿ ಹಿಂದಿನಿಂದ ನಡೆದು ಬರುತ್ತಿದ್ದರಂತೆ. ಹುಲ್ಲಿದ್ದಲ್ಲಿ ಕೆಂಪು ನೀರು ತುಂಬಿತ್ತು. ಮೇಸ್ತ್ರಿ ಸಿಕ್ಕಿದ್ದು ಮಾರನೆಯ ದಿನ, ಬಹಳ ದೂರದಲ್ಲಿ, ಯಾರದೋ ಖರ್ಜೂರದ ತೋಟದಲ್ಲಿ.

ವಾರದ ನಂತರ ಅವರ ಹೆಂಡತಿ ಊರಿನಿಂದ ಫೋನು ಮಾಡಿದರು. ಅಳು ತಡೆದುಕೊಂಡು ಹೇಳಿದರು: “ಸೈರನ್ ಹಾಕಿದ್ದು ನೀವಂತೆ. ಅವರ ಮಾತನ್ನು ಒಬ್ಬರಾದರೂ ನಂಬಿದ್ರಲ್ಲ, ಅಷ್ಟು ಸಾಕು ನಂಗೆ.”

“ಹೌದಕ್ಕ,” ಎಂದೆ. ಆ ಸುಳ್ಳನ್ನು ಅವರ ಹತ್ತಿರ ಇಂದಿಗೂ ತಿದ್ದಿಲ್ಲ.